ಯಾರೂ ಕೊಳ್ಳದ ಬಣ್ಣ

ನನ್ನ ಮಗ ಸಿಮೋಸ್ ಒಬ್ಬ ಹುಡುಗನ ದವಡೆ ಮುರಿದ. ಹೆಲ್ಮೆಟ್ಟು ಬೀಸಿ ಮುರಿದ. ಬಂದರಿನ ರಸ್ತೆಯ ಸಿಗ್ನಲ್ಲಿನಲ್ಲಿ, ಹಾಡುಹಗಲು, ಆ ಹುಡುಗ ಕುತ್ತಿಗೆಗೆ ಕಿತ್ತಳೆ ಬಣ್ಣದ ಮಫ್ಲರು ಸುತ್ತಿಕೊಂಡಿದ್ದ ಅನ್ನುವ ಒಂದೇ ತಪ್ಪಿಗೆ. ನಮ್ಮ ಥೆಸಲೊನೀಕಿಯಲ್ಲಿ ಮನುಷ್ಯನಿಗೆ ಹೆಸರು ಆಮೇಲೆ, ಫುಟ್‌ಬಾಲ್ ತಂಡ ಮೊದಲು. ಗುಡ್ಡದ ಮೇಲಿನ ನಾವು ನೀಲಿಯವರು, ಕೆಳಗೆ ಸಮುದ್ರದ ಪಕ್ಕದವರು ಕಿತ್ತಳೆಯವರು. ಚೆಂಡು ಒದೆಯುವವರು ಸಂಬಳ ತಗೊಂಡು ಮನೆಗೆ ಹೋಗುತ್ತಾರೆ, ಹಲ್ಲು ಉದುರುವುದು ನೋಡುವವರದು. ನೋಡುವ ಹುಡುಗರು ಮೊಪೆಡ್ಡುಗಳಲ್ಲಿ ಬೀದಿ ಸುತ್ತುತ್ತಾರೆ, ಒಂಟಿಯಾಗಿ ಸಿಕ್ಕವನನ್ನು ನಿಲ್ಲಿಸಿ "ಯಾವ ತಂಡ ನಿಂದು?" ಅಂತ ಕೇಳುತ್ತಾರೆ. ಉತ್ತರ ಹಿಡಿಸದಿದ್ದರೆ ಬಡಿಯುತ್ತಾರೆ. ನನ್ನ ಮಗನೂ ಆ ಕೇಳುವವರಲ್ಲಿ ಒಬ್ಬನಾಗಿದ್ದ.

ನ್ಯಾಯಾಧೀಶೆ ನನಗಿಂತ ಚಿಕ್ಕವಳು. ಜೈಲುಶಿಕ್ಷೆ ಬರೆದಳು, ಆದರೆ ಒಳಗೆ ಕಳಿಸಲಿಲ್ಲ. ಒಂದು ಕೆಲಸ ಹಿಡಿದು ನೆಟ್ಟಗೆ ನಡೆದುಕೊಂಡರೆ ಹೊರಗೆ ಇರಬಹುದು, ಕೆಲಸ ಬಿಟ್ಟರೆ ಅಥವಾ ಇನ್ನೊಮ್ಮೆ ಯಾರ ಮೇಲಾದರೂ ಕೈ ಎತ್ತಿದರೆ ಅವತ್ತೇ ಒಳಗೆ ಅಂದಳು. ಮೋಟರ್‌ಸೈಕಲ್ಲಿನ ಲೈಸೆನ್ಸನ್ನೂ ಕಿತ್ತುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಶಾಲೆಯ ನೆಲ ಒರೆಸಿ ಸಾಕಿದ ಮಗನಿಗೆ ಅಷ್ಟಾದರೂ ಬುದ್ಧಿ ಹೇಳುವವರು ಒಬ್ಬರು ಸಿಕ್ಕಿದರಲ್ಲ ಅನ್ನಿಸಿತು.

ಕೆಲಸ ಕೊಟ್ಟವನು ನನ್ನ ಭಾವ ಮಿಲ್ಟೋಸ್. ಅವನದು ಕುಲೂರಿಯ ಬೇಕರಿ, ಎಳ್ಳು ಮೆತ್ತಿದ ಬಳೆಯಂಥ ರೊಟ್ಟಿ ಅವು. ಊರಿಗೆಲ್ಲ ಬೆಳಗಿನ ತಿಂಡಿ ಅದೇ, ಹಾಗಾಗಿ ಊರು ಏಳುವುದಕ್ಕೆ ಮೊದಲೇ ಒಲೆ ಹೊತ್ತಬೇಕು, ಮೊದಲ ಬಸ್ಸು ಹೊರಡುವುದಕ್ಕೆ ಮೊದಲೇ ಸಿಮೋಸ್ ಅಲ್ಲಿರಬೇಕು. ಬೇಕರಿ ಇರುವುದೋ ಸಮುದ್ರದ ಕಡೆ, ಕಿತ್ತಳೆಯವರ ನಟ್ಟನಡುವೆ. ನಮ್ಮ ಮನೆ ಸಿಕಿಯೆಸ್‌ನಲ್ಲಿ, ಕೋಟೆಗೋಡೆಗಿಂತಲೂ ಮೇಲೆ. ನಡೆದು ಹೋಗುವ ದೂರ ಅಲ್ಲ. ಬೆಳಿಗ್ಗೆ ಇಳಿಯುವುದು ಹೇಗೋ ಆದೀತು, ಒಲೆಯ ಮುಂದೆ ನಿಂತು ಬೆಂದ ಕಾಲಿನಲ್ಲಿ ಮಧ್ಯಾಹ್ನ ಆ ಏರು ಹತ್ತಬೇಕಲ್ಲ. ಲೈಸೆನ್ಸು ಬೇಡದ ವಾಹನ ಅಂದರೆ ಕರೆಂಟಿನ ಸೈಕಲ್ಲು ಒಂದೇ. ನಾಲ್ಕು ದಿನ ತಡವಾಗಿ ಹೋದರೆ ಮಿಲ್ಟೋಸ್ ಕಳಿಸಿಬಿಡುತ್ತಿದ್ದ, ಕಳಿಸಿದರೆ ಮಗ ಜೈಲಿಗೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ ಲೆಕ್ಕ.

ಗುಡ್ಡದ ಬುಡದಲ್ಲಿ ಪಾಂಡೆಲಿಸನ ಸೈಕಲ್ ಅಂಗಡಿ. ಸಿಮೋಸ್ ಜೊತೆಗೆ ಬರಲಿಲ್ಲ, ಸೈಕಲ್ಲು ತುಳಿಯುವುದು ಮುದುಕರ ಕೆಲಸ ಅಂತ ಮುಸುಕು ಹೊದ್ದು ಮಲಗಿದ್ದ. ಪಾಂಡೆಲಿಸ್ ಎಲ್ಲಕ್ಕಿಂತ ಅಗ್ಗದ್ದನ್ನು ಎಳೆದು ತಂದ. ಅದಕ್ಕೆ ಮೋಟರು ಹಿಂದಿನ ಗಾಲಿಯ ಒಳಗೇ ಇತ್ತು.

"ಇದು ಸಾಕು ಡೊಮ್ನಮ್ಮ. ಊರಲ್ಲಿ ಅರ್ಧ ಜನ ಇದನ್ನೇ ಓಡಿಸೋದು."

"ಊರಲ್ಲಿ ಅರ್ಧ ಜನ ಸಮತಟ್ಟಲ್ಲಿ ಇರೋದು ಕಣಯ್ಯಾ. ನೀನು ಹತ್ತು, ಹಿಂದೆ ನಾನು ಕೂತ್ಕೋತೀನಿ, ನಮ್ಮನೆ ತನಕ ಹೋಗೋಣ."

"ನೀವು ಕೂರ್ತೀರಾ?" ಅಂತ ನನ್ನನ್ನು ಅಡಿಯಿಂದ ಮುಡಿತನಕ ನೋಡಿದ. ನಾನು ತೆಳ್ಳಗೇನಿಲ್ಲ.

"ಯಾಕೆ, ನನ್ ಮಗ ಹಿಟ್ಟಿನ ಮೂಟೆ ತರೋನು. ಹತ್ತು."

ಶಾಲೆಯ ತಿರುವಿನ ತನಕ ಏದುಸಿರು ಬಿಟ್ಟುಕೊಂಡು ಬಂತು. ಅಲ್ಲಿಂದಾಚೆ ಗಾಲಿ ಸುಟ್ಟ ವಾಸನೆ ಹೊಡೆಯಿತು, ಸೈಕಲ್ಲು ನಿಂತಿತು, ಪಾಂಡೆಲಿಸ್ ಬೆವರು ಒರೆಸಿಕೊಂಡ. ಬಾಲ್ಕನಿಗಳಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ವಾಪಸು ತಳ್ಳಿಕೊಂಡು ಬಂದೆವು.

ಆಮೇಲೆ ಅವನು ಇನ್ನೊಂದು ಜಾತಿಯದನ್ನು ತೋರಿಸಿದ. ಅದರ ಮೋಟರು ನಡುವೆ, ಪೆಡಲ್ಲುಗಳ ಬುಡದಲ್ಲಿ. ಗಾಲಿಯನ್ನು ನೇರ ತಿರುಗಿಸುವುದಿಲ್ಲ, ಚೈನನ್ನು ಎಳೆಯುತ್ತದೆ, ಹಾಗಾಗಿ ಸೈಕಲ್ಲಿನ ಗೇರುಗಳೆಲ್ಲ ಮೋಟರಿಗೂ ಸಿಗುತ್ತವೆ. ಏರಿನಲ್ಲಿ ಚಿಕ್ಕ ಗೇರಿಗೆ ಹಾಕಿದರೆ ಗೊಣಗದೆ ಹತ್ತುತ್ತದೆ. ಚೈನು ಬೇಗ ಸವೆಯುತ್ತದೆ, ಅದೊಂದು ಖರ್ಚು ಅಂದ. ಬ್ರೇಕು ಎಣ್ಣೆಯದು ಇರಲಿ, ಈ ಇಳಿಜಾರಲ್ಲಿ ತಂತಿಯ ಬ್ರೇಕು ನಂಬಬೇಡಿ ಅಂದ. ಬ್ಯಾಟರಿ ಕಳಚಿ ಮನೆಯೊಳಗೆ ಚಾರ್ಜಿಗೆ ಹಾಕುವಂಥದ್ದೇ ತಗೊಳ್ಳಿ, ಅಂಗಳದಲ್ಲಿ ಬಿಟ್ಟರೆ ಬೆಳಿಗ್ಗೆ ಇರುವುದಿಲ್ಲ ಅಂದ. ಎಲ್ಲ ಸರಿ, ಬೆಲೆ ಕೇಳಿದರೆ ನನಗೆ ಕೂರಬೇಕು ಅನ್ನಿಸಿತು.

"ಇದೇ ಸೈಕಲ್ಲು, ಇದೇ ಮೋಟರು, ಸಾವಿರ ಯೂರೋ ಕಡಿಮೆಗೆ ಒಂದಿದೆ," ಅಂದ ಪಾಂಡೆಲಿಸ್, ದನಿ ತಗ್ಗಿಸಿ. "ಆದ್ರೆ ಬೈಬೇಡಿ."

ಹಿಂದಿನ ಕೋಣೆಯಲ್ಲಿ ಹಳೆಯ ಬಟ್ಟೆ ಮುಚ್ಚಿಟ್ಟಿದ್ದ. ಬಟ್ಟೆ ಎತ್ತಿದರೆ ಕಿತ್ತಳೆ. ಸುಮ್ಮನೆ ಕಿತ್ತಳೆ ಅಲ್ಲ, ಕಣ್ಣು ಕುಕ್ಕುವಂಥದ್ದು.

"ಕಂಪನಿಯೋರು ಜರ್ಮನಿಯಲ್ಲಿ ಕೂತು ಬಣ್ಣ ಬಳೀತಾರೆ, ಅವ್ರಿಗೇನು ಗೊತ್ತು ನಮ್ ಗ್ರಹಚಾರ? ಎರಡು ವರ್ಷದಿಂದ ನಿಂತಿದೆ."

"ಆ ಕಡೆ ಅಂಗಡಿಯೋರಿಗೆ ಕೊಟ್ಟು ಬೇರೆ ಬಣ್ಣದ್ದು ತಗೋಬಾರ್ದಾ?"

"ಕೇಳ್ದೆ. ಅವನ ಹತ್ರ ನೀಲಿದು ಒಂದು ಧೂಳು ಹಿಡೀತಾ ಇದೆ. ಆದ್ರೂ ನೀಲಿಯೋನ ಜೊತೆ ವ್ಯಾಪಾರ ಮಾಡಲ್ವಂತೆ ಬಡ್ಡೀಮಗ."

"ಪೈಂಟ್ ಹೊಡೆದ್ರೆ?"

"ಫ್ರೇಮಿನ ಗ್ಯಾರಂಟಿ ಹೋಗುತ್ತೆ. ಆಮೇಲೆ ಬಂದು ನನ್ ಕತ್ತು ಹಿಡೀಬೇಡಿ."

ತಗೊಂಡೆ. ಮುಂದೆ ಏನೇನೋ ಆಯಿತು, ನಿನ್ನಿಂದಲೇ ಆಯಿತು ಅಂದವರೂ ಇದ್ದಾರೆ. ನಾನು ಬಣ್ಣ ಆರಿಸಲಿಲ್ಲ, ಮೋಟರು ಆರಿಸಿದೆ. ಇವತ್ತು ಕೇಳಿದರೂ ಅದನ್ನೇ ತಗೊಳ್ಳುತ್ತೇನೆ.

ನಮ್ಮಲ್ಲಿ ಒಂದು ಚಡ್ಡಿ ಕೊಂಡರೂ ನೋಡಿದವರು "ಮೆ ಯಾ" ಅನ್ನಬೇಕು, ಆರೋಗ್ಯವಾಗಿ ಬಳಸು ಅಂತ. ಅನ್ನದಿದ್ದರೆ ಜಗಳ. ಅವತ್ತು ಸೈಕಲ್ಲು ಹಿಡಿದುಕೊಂಡು ಇಡೀ ಏರು ಹತ್ತಿದೆ, ಒಬ್ಬರೂ ಬಾಯಿ ಬಿಡಲಿಲ್ಲ. ಹೂವಿನ ಅಂಗಡಿಯ ಮುದುಕ ಮುಖ ತಿರುಗಿಸಿದ.

ಸಿಮೋಸ್ ಅಂಗಳಕ್ಕೆ ಇಳಿದು ನೋಡಿದವನೇ ಅದಕ್ಕೆ ಜಾಡಿಸಿ ಒದ್ದ.

"ಅಮ್ಮಾ! ನಿಂಗೆ ತಲೆ ಕೆಟ್ಟಿದೆಯಾ? ಇದರ ಮೇಲೆ ಕೂರೋದ್ಕಿಂತ ನಾನು ಲಂಗ ಹಾಕ್ಕೊಂಡು ಹೋಗ್ತೀನಿ!"

"ಹಾಕ್ಕೋ, ನಂದೇ ಒಂದಿದೆ, ಅಳತೆ ಸರಿಹೋಗುತ್ತೆ."

"ಹುಡುಗರು ನೋಡಿದ್ರೆ ಸಾಯಿಸ್ತಾರೆ!"

"ಹುಡುಗರು ನಿಂಗೆ ಅನ್ನ ಹಾಕ್ತಾರಾ? ಜೈಲಿಗೆ ಅಡುಗೆ ಮಾಡ್ಕೊಂಡು ಬರ್ತಾರಾ?"

ಅವನು ಇನ್ನೊಮ್ಮೆ ಕಾಲೆತ್ತಿದ. ನಾನು ಕೆನ್ನೆಗೆ ಬಾರಿಸಿದೆ. ಇಪ್ಪತ್ತೆರಡು ವರ್ಷದ ಗಂಡಸು, ನನಗಿಂತ ಎರಡು ಗೇಣು ಎತ್ತರ, ಹಾಗೇ ನಿಂತುಕೊಂಡ. ಕಣ್ಣಲ್ಲಿ ನೀರು ಬಂದದ್ದು ನೋವಿಗೆ ಅಲ್ಲ ಅಂತ ನನಗೆ ಗೊತ್ತಿತ್ತು. ಅವನಿಗೆ ಆ ಬಣ್ಣ ನಿಜವಾಗಿಯೂ ಹೇಸಿಗೆ, ಮೈಮೇಲೆ ಹೇಲು ಸುರಿದಷ್ಟು ಹೇಸಿಗೆ. ಆ ಹೇಸಿಗೆಯನ್ನು ನಾವೇ ಹುಟ್ಟಿದಾಗಿನಿಂದ ಹಾಲಿನ ಜೊತೆ ಕುಡಿಸಿದ್ದೆವು.

ಮೊದಲ ದಿನ ನಡೆದೇ ಹೋದ, ತಡವಾಯಿತು. ಎರಡನೆಯ ದಿನವೂ ತಡವಾಯಿತು. ಮಿಲ್ಟೋಸ್ ಫೋನ್ ಮಾಡಿ, "ಡೊಮ್ನಾ, ನಾಳೆ ಇವನು ಹೊತ್ತಿಗೆ ಸರಿಯಾಗಿ ಬರದಿದ್ರೆ ಬೇರೆ ಹುಡುಗ ರೆಡಿ ಇದಾನೆ" ಅಂದ. ಅವತ್ತು ಸಂಜೆ ಕರೆಂಟಿನ ಕೆಲಸದವರ ಕಪ್ಪು ಟೇಪು ತಂದು ಸೈಕಲ್ಲಿಗೆ ಸುತ್ತುತ್ತಾ ಕೂತೆ. ಕೈಕಾಲು ಮುರಿದವನಿಗೆ ಪಟ್ಟಿ ಕಟ್ಟಿದ ಹಾಗೆ ಕಂಡಿತು. ಸ್ವಲ್ಪ ಹೊತ್ತಿಗೆ ಅವನೂ ಪಕ್ಕಕ್ಕೆ ಬಂದು ಕೂತ, ಇನ್ನೊಂದು ಸುರುಳಿ ಬಿಚ್ಚಿದ.

ಒಂದು ವಾರಕ್ಕೆ ಆ ಸೈಕಲ್ಲಿಗೆ ಮಾರುಹೋದ. ಒಪ್ಪಿಕೊಳ್ಳಲಿಲ್ಲ, ಆದರೆ ಚೈನಿಗೆ ಎಣ್ಣೆ ಬಿಡುವಾಗ ಶಿಳ್ಳೆ ಹಾಕುತ್ತಿದ್ದ. ಏರಿನಲ್ಲಿ ಬಸ್ಸನ್ನು ಹಿಂದೆ ಹಾಕಿದ್ದನ್ನು ಬಂದು ಹೇಳುತ್ತಿದ್ದ. "ತುಳಿದಷ್ಟಕ್ಕೆ ಅದೂ ಅಷ್ಟೇ ತುಳಿಯುತ್ತೆ ಅಮ್ಮ, ಯಾರೋ ಹಿಂದಿನಿಂದ ಕೈ ಕೊಟ್ಟ ಹಾಗೆ." ಬಂದವನು ಉಣ್ಣುತ್ತಿದ್ದ, ಸಂಜೆಗೇ ನಿದ್ದೆ ಹೋಗುತ್ತಿದ್ದ. ನೀಲಿಯವರ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಸಮುದ್ರದ ಕಡೆ ಬೇಕರಿಯಲ್ಲಿ ಕಿತ್ತಳೆಯವರೇ ಅವನ ಕೈಯಿಂದ ಕುಲೂರಿ ಕೊಂಡು ತಿನ್ನುತ್ತಿದ್ದರು, ಯಾರೂ ಅವನನ್ನು ಏನೂ ಕೇಳಲಿಲ್ಲ. ನನಗೆ ನೆಮ್ಮದಿ ಅನ್ನುವುದು ಹೇಗಿರುತ್ತದೆ ಅಂತ ಮರೆತೇ ಹೋಗಿತ್ತು, ಅದು ಬಂದು ಮನೆಯಲ್ಲಿ ಕೂತಿತು.

ಒಂದು ಭಾನುವಾರ ಮಧ್ಯಾಹ್ನ ಹುರುಳಿಕಾಯಿ ಬೇಯಿಸುತ್ತಿದ್ದೆ. ಅಂಗಳದಲ್ಲಿ ಮೊಪೆಡ್ಡುಗಳ ಸದ್ದಾಯಿತು. ಆರ್ಗೀರಿಸ್ ಬಂದಿದ್ದ, ಹಿಂದೆ ಇಬ್ಬರು. ನಮ್ಮ ಗುಡ್ಡದ ನೀಲಿಯವರ ಗುಂಪಿಗೆ ಅವನೇ ಯಜಮಾನ. ಅವನ ತಾಯಿ ನನ್ನ ಗೆಳತಿ, ಅವಳು ಸತ್ತ ಮೇಲೆ ಎಷ್ಟೋ ವರ್ಷ ನನ್ನ ಮೇಜಿನಲ್ಲೇ ಉಂಡವನು. ನಾನು ಕಿಟಕಿಯಿಂದ ನೋಡುವಷ್ಟರಲ್ಲಿ ಕುಕ್ಕರಗಾಲಲ್ಲಿ ಕೂತು ಚಾಕುವಿನಿಂದ ಸೈಕಲ್ಲಿನ ಟೇಪು ಸೀಳುತ್ತಿದ್ದ. ಕಿತ್ತಳೆ ಈಚೆ ಬಂತು. ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಇತ್ತು, ಪೆಟ್ರೋಲಿನ ವಾಸನೆ ಮೇಲಿನ ತನಕ ಬಂತು.

ಸಿಮೋಸ್ ಬರಿಗಾಲಲ್ಲಿ ಕೆಳಗೆ ಓಡಿದ. ಹಿಂದೆಯೇ ನಾನು.

"ಏನೋ ಇದು?" ಅಂದ ಆರ್ಗೀರಿಸ್. "ನಾಲ್ಕು ಮ್ಯಾಚಿಗೆ ಬಂದಿಲ್ಲ ನೀನು. ಕಾಯಿಲೆ ಇರ್ಬೇಕು ಅಂದ್ಕೊಂಡೆ. ಇದಾ ಕಾಯಿಲೆ?"

"ಕೆಲಸಕ್ಕೆ ಹೋಗೋಕೆ ಇಟ್ಕೊಂಡಿದೀನಿ. ಬಿಡು ಅದನ್ನ."

"ಬಿಡ್ತೀನಿ. ನೀನೇ ಕಡ್ಡಿ ಗೀರು, ಅಷ್ಟೇ. ಎಲ್ಲಾ ಮರೆತುಬಿಡೋಣ."

"ಗೀರಲ್ಲ."

ಆರ್ಗೀರಿಸ್ ಎದ್ದು ಅವನ ಮೂಗಿಗೆ ಗುದ್ದಿದ. ರಕ್ತ ಬನಿಯನ್ನಿನ ಮೇಲೆ ಇಳಿಯಿತು. ಸಿಮೋಸ್ ಎರಡೂ ಕೈಗಳನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡ. ನನ್ನ ಮಗ, ದವಡೆ ಮುರಿದವನು, ಕೈ ಜೇಬಿನಲ್ಲಿಟ್ಟುಕೊಂಡು ನಿಂತ. ಇನ್ನೊಬ್ಬ ಹೊಟ್ಟೆಗೆ ಒದ್ದ. ಬಗ್ಗಿದ, ಬಿದ್ದ, ಕೈ ಹೊರಗೆ ತೆಗೆಯಲಿಲ್ಲ. ಪಕ್ಕೆಗೆ ಒದೆ ಬಿತ್ತು, ಆಗಲೂ ತೆಗೆಯಲಿಲ್ಲ. ನ್ಯಾಯಾಧೀಶೆಯ ಮಾತು ಅವನ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಅವನು ಹೊಡೆಸಿಕೊಳ್ಳುವುದನ್ನು ನೋಡುತ್ತಾ ನನಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ನನ್ನ ಮೇಲೆ ಕೋರ್ಟಿನ ಷರತ್ತು ಯಾವುದೂ ಇರಲಿಲ್ಲ. ಸೈಕಲ್ಲಿನ ಬೀಗದ ಸರಪಳಿ ಕಂಬಕ್ಕೆ ಜೋತಿತ್ತು, ಬೆರಳುಗಾತ್ರದ ಉಕ್ಕು. ಎಳೆದುಕೊಂಡು ಆರ್ಗೀರಿಸನ ಬಾಯಿಗೆ ಬೀಸಿದೆ. ತುಟಿ ಎರಡಾಗಿ ಹೋಯಿತು, ಹಲ್ಲು ಒಂದು ಅಂಗಳದ ಕಲ್ಲಿನ ಮೇಲೆ ಬಿದ್ದು ಕುಣಿಯಿತು. ಎರಡನೆಯ ಏಟು ಹೆಗಲಿಗೆ. ಇನ್ನಿಬ್ಬರು ನನ್ನನ್ನು ಹಿಡಿಯಲು ಬಂದರು, ಒಬ್ಬನ ಮೊಣಕೈಗೆ ಬಿತ್ತು, ಅವನು ನಾಯಿಯ ಹಾಗೆ ಕೂಗಿದ.

"ಚಿಕ್ಕಮ್ಮಾ!" ಅಂದ ಆರ್ಗೀರಿಸ್, ಬಾಯಿ ತುಂಬ ರಕ್ತ. ನಗುತ್ತಿದ್ದ. "ನೀನಾ? ನಂಗಾ?"

"ನಿಂಗೇ ಕಣೋ, ನನ್ನ ಸೂಪು ಕುಡಿದು ಬೆಳೆದ ನಾಯಿ! ಇನ್ನೊಂದ್ಸಲ ಈ ಅಂಗಳಕ್ಕೆ ಕಾಲಿಟ್ರೆ ಮಿಕ್ಕ ಹಲ್ಲನ್ನೂ ಆರಿಸ್ಕೊಂಡು ಹೋಗ್ಬೇಕು."

ಹೋದರು. ಸಿಮೋಸ್ ಹಾಗೇ ಬಿದ್ದುಕೊಂಡು ನನ್ನನ್ನೇ ನೋಡುತ್ತಿದ್ದ. ಮೂಗಿಗೆ ಐಸು ಇಟ್ಟು ಕೂರಿಸಿದೆ. ಟೇಪು ತರುತ್ತೇನೆ ಅಂದೆ. "ಬೇಡ ಅಮ್ಮ. ಸಾಕು. ಹಾಗೇ ಇರ್ಲಿ," ಅಂದ. ಮರುದಿನದಿಂದ ಆ ಬಣ್ಣ ಮುಚ್ಚದೆಯೇ ಸೈಕಲ್ಲು ಓಡಿಸಿದ. ನಾನು ತಡೆಯಲಿಲ್ಲ. ನಮ್ಮ ಬೀದಿಯವರಿಗೆಲ್ಲ ಅವನು ಡೊಮ್ನಾಳ ಮಗ ಅಂತ ಗೊತ್ತು, ಬೈದರೂ ಬೈದುಕೊಳ್ಳಲಿ ಅಂದುಕೊಂಡೆ.

ಬೀದಿಯವರಲ್ಲದವರು ಬಂದರು.

ಅವತ್ತು ಮಧ್ಯಾಹ್ನ ಶಾಲೆ ಬಿಡುವ ಹೊತ್ತು. ಸಿಮೋಸ್ ಬೇಕರಿಯಿಂದ ವಾಪಸು ಬರುತ್ತಾ ಕೋಟೆಗೋಡೆಯ ಕೆಳಗಿನ ಏರು ಹತ್ತುತ್ತಿದ್ದ. ಹಿಂದೆ ಮೂರು ಮೊಪೆಡ್ಡು ಬಂದವು. ಪಾರಾಗಬಹುದಿತ್ತು, ಪಕ್ಕದಲ್ಲೇ ಮೆಟ್ಟಿಲಿನ ಓಣಿ, ಅದಕ್ಕೆ ಇಳಿದರೆ ಮೊಪೆಡ್ಡು ಹಿಂದೆ ಬರುತ್ತಿರಲಿಲ್ಲ. ಅವನು ತಿರುಗಿ ನೋಡಿದ. ಅವರ ಕುತ್ತಿಗೆಯಲ್ಲಿ ನೀಲಿ ಮಫ್ಲರು ಕಂಡಿತು. ನಮ್ಮವರು ಅಂತ ಬ್ರೇಕು ಹಿಡಿದು ನಿಂತ. ಕೈ ಬೇರೆ ಎತ್ತಿದನಂತೆ, ನಮಸ್ಕಾರ ಅನ್ನುವ ಹಾಗೆ.

ಅವರು ಊರಾಚೆಯ ಪಶ್ಚಿಮದ ಬಡಾವಣೆಯ ನೀಲಿ ಹುಡುಗರು. ಇವನ ಮುಖ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಸೈಕಲ್ಲು.

"ಯಾವ ತಂಡ ನಿಂದು?"

"ನಿಮ್ದೇ ಕಣ್ರೋ. ಸಿಕಿಯೆಸ್‌ನವನು ನಾನು."

"ಎಲ್ಲಾರೂ ಹಂಗೇ ಅಂತಾರೆ."

"ಸಿಮೋಸ್ ನಾನು! ಆರ್ಗೀರಿಸ್‌ನ ಕೇಳಿ!"

"ಹೆಸರು ಬೇರೆ ಕಲಿತು ಬಂದವ್ನೆ ನೋಡು, ಬೋಳಿಮಗ."

ಅಷ್ಟೇ ಮಾತು. ಕಬ್ಬಿಣದ ಸಲಾಕೆ ಮೊದಲು ಹೆಗಲಿಗೆ ಬಿತ್ತು. ಬಿದ್ದ ಮೇಲೆ ತಲೆಗೆ. ಒಬ್ಬ ಬಗ್ಗಿ ಬಲತೊಡೆಗೆ ಚಾಕು ಹಾಕಿ, ಹಾಕಿದ ಜಾಗದಲ್ಲೇ ತಿರುಗಿಸಿದ. ಈ ಸಲ ಸಿಮೋಸನ ಕೈ ಜೇಬಿನಲ್ಲಿರಲಿಲ್ಲ, ಎರಡೂ ಕೈಯಲ್ಲಿ ತೊಡೆ ಹಿಡಿದುಕೊಂಡಿದ್ದ, ಬೆರಳ ಸಂದಿಯಿಂದ ರಕ್ತ ಉಕ್ಕುತ್ತಿತ್ತು. ಶಾಲೆಯ ಮಕ್ಕಳು ನೋಡುತ್ತಿದ್ದರು. ನಾನು ಆ ಶಾಲೆಯ ಕಾರಿಡಾರು ಒರೆಸುತ್ತಿದ್ದೆ, ಮಕ್ಕಳ ಚೀರಾಟ ಕೇಳಿ ಬಕೆಟ್ಟು ಬಿಟ್ಟು ಓಡಿಬಂದೆ. ನನ್ನ ಏಪ್ರನ್ನನ್ನು ಹರಿದು ತೊಡೆಗೆ ಬಿಗಿದೆ. ಮಗನ ರಕ್ತ ಅಷ್ಟು ಬಿಸಿಯಾಗಿರುತ್ತದೆ ಅಂತ ಯಾವ ತಾಯಿಗೂ ಗೊತ್ತಾಗಬಾರದು. ಆಂಬ್ಯುಲೆನ್ಸಿನಲ್ಲಿ ಅವನು ಒಂದೇ ಮಾತು ಹೇಳುತ್ತಿದ್ದ, "ನಮ್ಮೋರು ಅಮ್ಮ, ನಮ್ಮೋರು."

ಬದುಕಿದ. ನರ ಕತ್ತರಿಸಿದೆ, ಪಾದ ಮೊದಲಿನ ಹಾಗೆ ಎತ್ತಲು ಬರುವುದಿಲ್ಲ ಅಂದರು ಡಾಕ್ಟರು. ಜ್ಞಾನ ಬಂದ ದಿನವೇ ಆಸ್ಪತ್ರೆಯ ಕಾರಿಡಾರು ನೀಲಿಯಾಯಿತು. ನಮ್ಮ ಗುಡ್ಡದ ಹುಡುಗರೆಲ್ಲ ಬಂದಿದ್ದರು, ಕೆಲವರು ಅಳುತ್ತಿದ್ದರು. ಕಿತ್ತಳೆಯವರು ಸಿಮೋಸನನ್ನು ಚುಚ್ಚಿದರು ಅಂತ ಊರೆಲ್ಲ ಸುದ್ದಿ. ಇವತ್ತೇ ಸಮುದ್ರದ ಕಡೆ ಹೋಗಿ, ಮೊದಲು ಸಿಕ್ಕವನ ಹೊಟ್ಟೆ ಬಗೆಯುವುದು ಅಂತ ತೀರ್ಮಾನ ಆಗಿತ್ತು. ಸಿಮೋಸ್ ಒಂದು ಮಾತು ಹೌದು ಅಂದರೆ ಸಾಕು, ಹೊರಡುವವರು.

ಆರ್ಗೀರಿಸ್ ಒಬ್ಬನೇ ಒಳಗೆ ಬಂದ. ತುಟಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ನನ್ನ ತಲೆಗೆ ಮುತ್ತಿಟ್ಟ. "ಆದದ್ದು ಆಗೋಯ್ತು ಚಿಕ್ಕಮ್ಮ. ಇವನು ನನ್ ತಮ್ಮ. ಅವ್ರ ರಕ್ತ ಕುಡೀತೀನಿ." ಆಮೇಲೆ ಮಂಚದ ಅಂಚಿನಲ್ಲಿ ಕೂತು, ಬಾಗಿಲಿನಲ್ಲಿ ಗುಂಪುಗಟ್ಟಿದವರಿಗೆ ಕೇಳುವ ಹಾಗೆ, "ಹೇಳೋ ಸಿಮೋಸ್. ಕಿತ್ತಳೆಯೋರು ತಾನೆ?" ಅಂದ.

ಸಿಮೋಸ್ ನನ್ನ ಕಡೆ ನೋಡಿದ. ಅವನ ಕಣ್ಣು ಓದಲು ನನಗೆ ಕನ್ನಡಕ ಬೇಡ. ನಿಜ ಹೇಳಿದರೆ ನಮ್ಮವರನ್ನೇ ಹಿಡಿದುಕೊಟ್ಟ ದ್ರೋಹಿ, ಗುಡ್ಡದಲ್ಲಿ ಆಮೇಲೆ ಬಾಳುವೆ ಇಲ್ಲ. ಸುಮ್ಮನಿದ್ದರೆ ಯಾವುದೋ ಮನೆಯ ಮಗ, ಬಹುಶಃ ಅವನ ಕೈಯಿಂದಲೇ ದಿನಾ ಬೆಳಿಗ್ಗೆ ಕುಲೂರಿ ಕೊಳ್ಳುತ್ತಿದ್ದವನು, ಸಂಜೆಗೆ ಹೆಣ. ಅವನು ಮುರಿದ ಆ ದವಡೆಯ ಹುಡುಗನ ತಾಯಿಯನ್ನು ನಾನು ಕೋರ್ಟಿನಲ್ಲಿ ನೋಡಿದ್ದೆ. ನನ್ನ ಹಾಗೇ ಅಗ್ಗದ ಕೋಟು ಹಾಕಿಕೊಂಡು ಕೂತಿದ್ದಳು.

"ಹೇಳು ಮಗನೇ," ಅಂದೆ.

"ನಮ್ಮೋರು," ಅಂದ ಸಿಮೋಸ್.

"ತಲೆಗೆ ಪೆಟ್ಟಾಗಿದೆ, ಏನೇನೋ ಮಾತಾಡ್ತಾನೆ," ಅಂತ ಆರ್ಗೀರಿಸ್ ಬಾಗಿಲ ಕಡೆ ತಿರುಗಿ ಅಂದ. ಮತ್ತೆ ಸಿಮೋಸನ ಕಿವಿಯ ಹತ್ತಿರ ಬಗ್ಗಿದ. ತನ್ನ ಕೈಯಲ್ಲಿದ್ದ ಫೋನನ್ನು ಅವನಿಗೆ ತೋರಿಸಿದ. ನನಗೂ ಕಂಡಿತು. ಚಿತ್ರದಲ್ಲಿ ನಮ್ಮ ಸೈಕಲ್ಲು ರಸ್ತೆಯಲ್ಲಿ ಬಿದ್ದಿತ್ತು, ಹ್ಯಾಂಡಲ್ಲಿಗೆ ನೀಲಿ ಮಫ್ಲರು ಕಟ್ಟಿತ್ತು. ಕೊಂದ ಹಂದಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರ ಹಾಗೆ, ಆ ಪಶ್ಚಿಮದ ಹುಡುಗರು ಹೊಡೆದವತ್ತೇ ಅವನಿಗೆ ಕಳಿಸಿದ್ದರು. ಆರ್ಗೀರಿಸನಿಗೆ ಮೊದಲಿನಿಂದಲೂ ಗೊತ್ತಿತ್ತು.

"ಗೊತ್ತು ನಂಗೆ," ಅಂದ ಆರ್ಗೀರಿಸ್, ಮೆಲ್ಲಗೆ, ಅಳುವವನ ಹಾಗೆ. "ಆದ್ರೆ ಅವ್ರಿಗೆ ಅದನ್ನ ಹೇಳೋಕಾಗಲ್ಲ ಕಣೋ. ನಾವು ನಾವೇ ಹೊಡೆದಾಡಿ ಸಾಯ್ತೀವಿ. ಕಿತ್ತಳೆ ಅನ್ನು. ಒಂದೇ ಮಾತು."

"ಅನ್ನಲ್ಲ."

ಹೊದಿಕೆಯ ಅಡಿಗೆ ಆರ್ಗೀರಿಸನ ಕೈ ಹೋದದ್ದು ನನಗೆ ತಡವಾಗಿ ಕಂಡಿತು. ಹೆಬ್ಬೆರಳನ್ನು ತೊಡೆಯ ಹೊಲಿಗೆಯ ಮೇಲಿಟ್ಟು ಒತ್ತಿದ. ಸಿಮೋಸನ ಬೆನ್ನು ಹಾಸಿಗೆಯಿಂದ ಮೇಲೆದ್ದಿತು.

"ಅನ್ನು."

"ನಮ್ಮೋರೇ ಚುಚ್ಚಿದ್ದು!" ಅಂತ ಸಿಮೋಸ್ ಕಿರುಚಿದ. ಒತ್ತಿದಷ್ಟೂ ಜೋರಾಗಿ ಕಿರುಚಿದ. "ನೀಲಿಯೋರು! ನೀಲಿ ಮಫ್ಲರು ಹಾಕಿದ್ರು! ನನ್ ಸೈಕಲ್ ನೋಡಿ ಚುಚ್ಚಿದ್ರು! ಇವನಿಗೂ ಗೊತ್ತು! ಫೋನಲ್ಲಿದೆ, ನೋಡ್ರೋ! ನಮ್ಮೋರು, ನಮ್ಮೋರು!"

ಬಿಳಿ ಹೊದಿಕೆ ಕೆಂಪಾಗುತ್ತಾ ಬಂತು. ನಾನು ಆರ್ಗೀರಿಸನ ಮಣಿಕಟ್ಟಿಗೆ ಹಲ್ಲು ಹಾಕಿದೆ, ಮೂಳೆ ಸಿಗುವ ತನಕ ಬಿಡಲಿಲ್ಲ. ನನ್ನ ಕೂದಲು ಹಿಡಿದು ಗೋಡೆಗೆ ಬಡಿದ, ಕಣ್ಣು ಕತ್ತಲೆಯಾಯಿತು, ಆದರೂ ಕಚ್ಚಿದ್ದನ್ನು ಬಿಡಲಿಲ್ಲ. ನರ್ಸುಗಳು ಓಡಿ ಬಂದರು. ಫೋನು ನೆಲಕ್ಕೆ ಬಿದ್ದಿತ್ತು. ಬಾಗಿಲಿನಲ್ಲಿದ್ದವನೊಬ್ಬ ಎತ್ತಿಕೊಂಡ, ನೋಡಿದ, ಪಕ್ಕದವನಿಗೆ ಕೊಟ್ಟ. ಫೋನು ಕೈಯಿಂದ ಕೈಗೆ ಹೋಯಿತು. ಕಾರಿಡಾರಿನಲ್ಲಿ ಅಳು ನಿಂತಿತು, ಬೈಗುಳವೂ ನಿಂತಿತು.

"ನಿಜವಾ ಆರ್ಗೀರಿಸ್?" ಅಂತ ಯಾರೋ ಕೇಳಿದರು.

ಅವನು ರಕ್ತ ಸುರಿಯುವ ಕೈಯನ್ನು ಎದೆಗೆ ಒತ್ತಿಕೊಂಡು ಅವರ ನಡುವೆ ನುಗ್ಗಿ ಹೋದ. ಒಬ್ಬೊಬ್ಬರಾಗಿ ಉಳಿದವರೂ ಮೆಟ್ಟಿಲಿಳಿದರು. ನಮ್ಮ ಕಡೆ ಯಾರೂ ತಿರುಗಿ ನೋಡಲಿಲ್ಲ. ಅವತ್ತು ಸಮುದ್ರದ ಕಡೆ ಯಾರ ಮನೆಯಲ್ಲೂ ಹೆಣ ಬೀಳಲಿಲ್ಲ.

ಪೊಲೀಸರು ಬಂದಾಗ ಸಿಮೋಸ್ ಅವರಿಗೂ ಅದನ್ನೇ ಹೇಳಿದ. ಮೂವರು ಸಿಕ್ಕಿಬಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ದ್ರೋಹಿ ಅಂತ ಬರೆದರು, ಎರಡು ಸಲ ಕಿಟಕಿಯ ಗಾಜು ಒಡೆದರು. ನಾನು ಅಳಿಸಿದೆ, ಗಾಜು ಹಾಕಿಸಿದೆ. ಪಾಂಡೆಲಿಸ್ ಸೈಕಲ್ಲಿನ ಬಗ್ಗಿದ ಹ್ಯಾಂಡಲ್ಲು ನೆಟ್ಟಗೆ ಮಾಡಿ, ಬಲ ಪೆಡಲ್ಲಿಗೆ ಪಾದ ಜಾರದಂತೆ ಒಂದು ಪಟ್ಟಿ ಹೊಲಿದು ಕೊಟ್ಟ. ಎಡಗಾಲಿನ ಒಂದೇ ತುಳಿತಕ್ಕೆ ಮೋಟರು ಉಳಿದದ್ದನ್ನು ಎಳೆಯುತ್ತದೆ. ಮಿಲ್ಟೋಸ್ ಬೇರೆ ಹುಡುಗನನ್ನು ತಂದಿರಲಿಲ್ಲ. ಸಿಮೋಸ್ ಮತ್ತೆ ಒಲೆಯ ಮುಂದೆ ನಿಂತ, ಈಗ ಪಕ್ಕದಲ್ಲಿ ಊರುಗೋಲು.

ಫೆಬ್ರವರಿಯಲ್ಲಿ ಸಂತ ಸಿಮೆಯೋನನ ದಿನ ಬಂತು, ಅಂದರೆ ನನ್ನ ಮಗನ ಹೆಸರಿನ ದಿನ. ಹೆಸರಿನ ದಿನಕ್ಕೆ ನಾವು ಯಾರನ್ನೂ ಕರೆಯುವುದಿಲ್ಲ, ಬೇಕಾದವರು ತಾವೇ ಬರುತ್ತಾರೆ, ಬಂದವರಿಗೆ ಬಡಿಸಬೇಕು. ಹೋದ ವರ್ಷದ ತನಕ ಕೂರಲು ಜಾಗ ಸಾಲದೆ ಹುಡುಗರು ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂರುತ್ತಿದ್ದರು, ಕೆಳಗಿನ ತನಕ. ಈ ವರ್ಷವೂ ಅಷ್ಟೇ ಮಾಡಿದೆ. ಮಾಂಸ ಹುರಿದೆ, ಪಾಲಕ್ಕು ತುಂಬಿ ಪಿಟ್ಟಾ ಬೇಯಿಸಿದೆ, ಸಿಹಿಗೆ ಬಕ್ಲಾವಾ ಮಾಡಿದೆ. ಕಡಿಮೆ ಮಾಡಲು ಕೈ ಬರಲಿಲ್ಲ. ಸಿಮೋಸ್ ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು, ಬಾಗಿಲಿಗೆ ಎದುರಾಗಿ ಕೂತ.

ಮಿಲ್ಟೋಸ್ ಫೋನ್ ಮಾಡಿ ಹರಸಿದ. ಬೇರೆ ಯಾರದೂ ಬರಲಿಲ್ಲ. ಸಂಜೆಯ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು, ಮೂರೋ ನಾಲ್ಕೋ ಜನ, ಗಂಡಸರ ಬೂಟು. ನಾನು ಎದ್ದೆ. ಒಂದು ಕೈಯಲ್ಲಿ ಬಕ್ಲಾವಾದ ತಟ್ಟೆ ಎತ್ತಿಕೊಂಡೆ, ಇನ್ನೊಂದು ಕೈಯಲ್ಲಿ ಮಾಂಸ ಕತ್ತರಿಸುವ ಚೂರಿ. ಬರುವವರು ಯಾವುದಕ್ಕೆ ಬರುತ್ತಿದ್ದಾರೆ ಅಂತ ನನಗೇನು ಗೊತ್ತು? ಬಾಗಿಲ ಹಿಂದೆ ನಿಂತೆ. ಸಿಮೋಸ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಂಗಿಯ ಕಾಲರು ಸರಿ ಮಾಡಿಕೊಂಡ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಆಸೆ ಇತ್ತು.

ಹೆಜ್ಜೆಗಳು ನಮ್ಮ ಬಾಗಿಲು ದಾಟಿ ಮೇಲಕ್ಕೆ ಹೋದವು. ಮೇಲಿನ ಮನೆಯಲ್ಲಿ ಬಾಗಿಲು ತೆರೆಯಿತು, ನಗು ಕೇಳಿತು, ಮತ್ತೆ ಮುಚ್ಚಿಕೊಂಡಿತು.

"ಬಾ ಅಮ್ಮ, ಕೂತ್ಕೋ," ಅಂದ ಸಿಮೋಸ್. "ಆರಿಹೋಗುತ್ತೆ."

ನಾವಿಬ್ಬರೂ ಎದುರುಬದುರು ಕೂತು, ಬಾರದವರ ಪಾಲನ್ನೂ ಬಡಿಸಿಕೊಂಡು ಉಣ್ಣತೊಡಗಿದೆವು.